ಕಲ್ಲು ಬಿಚ್ಚುವ ದಿನ

ದಾಕ್ಷಾಯಣಿ ಕೆಲಸಕ್ಕೆ ಬಂದ ಮೊದಲ ದಿನ ಕಟ್ಟಿದ ಗಂಟು ಊಟದ ಹೊತ್ತಿಗೆ ಬಿಚ್ಚಿಕೊಂಡಿತು. ಅವಳು ಕಟ್ಟಿ ಮಲಗಿಸಿದ್ದ ಕಾಮಾಲೆಯ ರೋಗಿ ಹಾಸಿಗೆ ಬಿಟ್ಟು ಮೇಲೆದ್ದು, ಮಾಡಿನ ಕೆಳಗೆ ಕಟ್ಟಿರುವ ಬಲೆಗೆ ಬೆನ್ನು ಹಚ್ಚಿ, ಅಲ್ಲಿಂದಲೇ ತನ್ನ ಗಂಜಿ ಎಲ್ಲಿ ಎಂದು ಕೇಳುತ್ತಿದ್ದ. ನಾನು ಕೊಕ್ಕೆಯ ಕೋಲು ತಂದು ಅವನ ಸೊಂಟದ ಪಟ್ಟಿಗೆ ಸಿಕ್ಕಿಸಿ ಎಳೆದು ಇಳಿಸಿದೆ. ಆ ಹುಡುಗಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ನಾನು ಸಿಟ್ಟು ಮಾಡಲಿಲ್ಲ. ಹೊರಗಿನಿಂದ ಬಂದ ನರ್ಸುಗಳೆಲ್ಲರ ಮೊದಲ ದಿನವೂ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ.

ನಮ್ಮ ಊರಿನಲ್ಲಿ ಕಾಯಿಲೆ ಬಿದ್ದವರು ಹಗುರಾಗುತ್ತಾರೆ. ನೆಗಡಿ, ಸಣ್ಣ ಜ್ವರ ಎಂದರೆ ಕಿಸೆಯಲ್ಲಿ ಒಂದು ಹಿಡಿ ಹರಳುಕಲ್ಲು ಹಾಕಿಕೊಂಡು ಕೆಲಸಕ್ಕೆ ಹೋಗಿಬರಬಹುದು. ದೊಡ್ಡ ಕಾಯಿಲೆಯಾದರೆ ಆಸ್ಪತ್ರೆಗೇ ಬರಬೇಕು. ಇಲ್ಲಿ ಸೊಂಟಕ್ಕೆ, ಮಣಿಕಟ್ಟಿಗೆ, ಕಣಕಾಲಿಗೆ ಬಟ್ಟೆಯ ಪಟ್ಟಿ ಸುತ್ತಿ, ಪಟ್ಟಿಗೆ ಕಲ್ಲಿನ ಚೀಲ ಕಟ್ಟಿ ಮಲಗಿಸುತ್ತೇವೆ. ಕಲ್ಲನ್ನು ಮನೆಯವರೇ ತರಬೇಕು. ಮಗಳ ಮದುವೆಯಲ್ಲಿ ಪಾತ್ರೆ ಪಡಗಗಳ ಜೊತೆಗೆ ನುಣ್ಣನೆಯ ಹೊಳೆಗಲ್ಲುಗಳನ್ನೂ ಕೊಟ್ಟು ಕಳಿಸುವುದು ನಮ್ಮ ತವರುಮನೆಗಳ ಪದ್ಧತಿ. ಗುಣವಾಗುತ್ತ ಬಂದಂತೆ ಮೈಯ ಭಾರ ಮರಳುತ್ತದೆ. ಒಂದೊಂದೇ ಕಲ್ಲು ಬಿಚ್ಚುತ್ತೇವೆ. ಸತ್ತವರು ಮಾತ್ರ ಒಮ್ಮೆಲೇ ಭಾರವಾಗುತ್ತಾರೆ.

ಅದನ್ನು ನಾನು ಅನೇಕ ಸಲ ಕಂಡವಳು. ಆದರೂ ಹೋದ ವರ್ಷ ಕಿಟಕಿಯ ಪಕ್ಕದ ಮಂಚದಲ್ಲಿ ನಮ್ಮ ಯಜಮಾನರು, ಸಮಾಧಾನ ಮಾಸ್ತರರು, ನನ್ನ ಅಂಗೈಯ ಮೇಲೆ ಹಾಗೆ ಭಾರವಾದಾಗ ಒಂದು ಗಳಿಗೆ ಮಟ್ಟಿಗೆ ನನಗೆ ಸಂತೋಷವೇ ಆಯಿತು. ಗುಣವಾದರು ಎಂದುಕೊಂಡೆ. ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಕೂತಿರಲಾರದೆ ಕೆಲಸಕ್ಕೆ ಮರಳಿದೆ. ಮುಂಜಾನೆ ವಾರ್ಡಿನ ಬಾಗಿಲಲ್ಲಿ ನಿಂತು ಪ್ರಾರ್ಥನೆ ಮಾಡಿ ಒಳಗೆ ಹೋಗುವುದು ನನ್ನ ಹಳೆಯ ರೂಢಿ. ಆ ವರ್ಷ ಪ್ರಾರ್ಥನೆಯಲ್ಲಿ ಒಂದೇ ಮಾತು ಉಳಿದಿತ್ತು: ಕರ್ತನೇ, ಈ ಕೈಯಿಂದ ಇನ್ನೊಬ್ಬರ ಕಲ್ಲು ಬಿಚ್ಚಿಸು.

ದಾಕ್ಷಾಯಣಿ ದೂರದ ಪಟ್ಟಣದ ಕಾಲೇಜಿನಲ್ಲಿ ಓದಿ, ಒಳ್ಳೆಯ ಅಂಕ ಪಡೆದು ಬಂದವಳು. ನಮ್ಮ ಊರಿಗೆ ಯಾರೂ ಬಯಸಿ ಬರುವುದಿಲ್ಲ. ಯಾಕೆ ಬಂದೆ ಎಂದು ಕೇಳಿದ್ದಕ್ಕೆ ಅವಳು ಬೇಸರವಿಲ್ಲದೆ ಹೇಳಿದಳು:

“ಎಲ್ಲಿ ಹೋದ್ರೂ ಅನುಭವ ಐತೇನು ಅಂತ ಕೇಳ್ತಾರ್ರಿ ಮೇಡಂ. ಯಾರೂ ಕೆಲಸಾನ ಕೊಡಲಿಲ್ಲಂದ್ರ ಅನುಭವ ಎಲ್ಲಿಂದ ತರ್ಬೇಕ್ರಿ?”

ಇಲ್ಲಿ ಏನೇನು ಬರಬೇಕು ಎಂದು ಅವಳೇ ಕೇಳಿದಳು. ಒಂದು ಕೈಯಲ್ಲಿ ರೋಗಿಯನ್ನು ಹಿಡಿದು ಇನ್ನೊಂದು ಕೈಯಿಂದ ಗಂಟು ಹಾಕಲು ಬರಬೇಕು ಎಂದೆ. ಮೇಲೇಳುತ್ತಿರುವ ತೋಳಿನ ಜೊತೆಗೇ ತನ್ನ ಕೈಯನ್ನೂ ಎತ್ತುತ್ತ ನರಕ್ಕೆ ಸೂಜಿ ಹಾಕಲು ಬರಬೇಕು. ಬೆನ್ನಿನ ಕೆಳಗೆ ಅಂಗೈ ತೂರಿಸಿ, ಸ್ವಲ್ಪ ಎತ್ತಿ, ನಿನ್ನೆಗಿಂತ ಇಂದು ಭಾರ ಹೆಚ್ಚೋ ಕಡಿಮೆಯೋ ಹೇಳಬೇಕು. ಮನೆಯವರಿಗೆ ಕೆಟ್ಟ ಸುದ್ದಿ ಹೇಳುವಾಗ ನೆಲ ನೋಡಬಾರದು. ಅವಳು ಎಲ್ಲದಕ್ಕೂ ತಲೆಯಾಡಿಸಿ, ಕಾಲೇಜಿನಲ್ಲಿ ಗೊಂಬೆಯ ತೋಳಿಗೆ ಸಾಕಷ್ಟು ಸಲ ಸೂಜಿ ಹಾಕಿದ್ದೇನೆ ಎಂದಳು. ನಿನ್ನ ಗೊಂಬೆ ಮೇಲೆ ಹಾರುತ್ತಿತ್ತೇ ಎಂದು ಕೇಳಿದೆ. ಅವಳು ನಕ್ಕಳು. ಅಷ್ಟು ದಿನಗಳ ಮೇಲೆ ನಾನೂ ನಕ್ಕೆ.

ಹೊಸಬರನ್ನು ಖಾಯಂ ಮಾಡಿಕೊಳ್ಳುವುದಕ್ಕೆ ನಮ್ಮ ಆಸ್ಪತ್ರೆಯಲ್ಲಿ ಒಂದು ಕ್ರಮವಿದೆ. ಒಬ್ಬ ರೋಗಿಯನ್ನು ಪೂರ್ತಿ ಅವರ ಕೈಗೆ ಒಪ್ಪಿಸುತ್ತೇವೆ. ಆ ರೋಗಿಯ ಮನೆಯವರು ಬಂದು ಮೊದಲ ಕಲ್ಲನ್ನು ಬಿಚ್ಚಿದ ದಿನ ಕೆಲಸ ಖಾಯಂ. ರೋಗಿ ಅವರ ಕೈಯಲ್ಲಿ ಇನ್ನಷ್ಟು ಹಗುರಾದರೆ, ಇಟ್ಟುಕೊಳ್ಳುವುದೋ ಕಳಿಸುವುದೋ ಎಂದು ಮನೆಯವರನ್ನೇ ಕೇಳುತ್ತೇವೆ. ಇಟ್ಟುಕೊಳ್ಳಿ ಎಂದವರನ್ನು ನಾನು ಕಂಡಿರಲಿಲ್ಲ.

ಅವಳಿಗೆ ಒಪ್ಪಿಸಿದ್ದು ಗಾದಿ ಮಾಡುವ ದಾವಲಸಾಬನನ್ನು. ಊರಿನ ಅರ್ಧ ಜನ ಮಲಗುವುದು ಅವನು ಹಿಂಜಿದ ಹತ್ತಿಯ ಮೇಲೆ. ವಾಂತಿಭೇದಿ, ಮೇಲೆ ಜ್ವರ. ಬಂದಾಗ ಅವನ ಹೆಂಡತಿ ಖಾಜಾಬಿ ಮತ್ತು ಭಾವಮೈದುನ ಮೌಲಾಲಿ ಅವನನ್ನು ಹೊತ್ತು ತರಲಿಲ್ಲ, ಹಗ್ಗ ಕಟ್ಟಿ ಗಾಳಿಪಟದ ಹಾಗೆ ಎಳೆದು ತಂದರು. ಹೊಳೆಯಾಚೆಯ ಊರುಗಳಿಗೂ ಸೇರಿ ನಮಗಿರುವವರು ಡಾಕ್ಟರ್ ಹಂಚಿನಮನಿ ಒಬ್ಬರೇ. ಅವರು ಬಂದು ನೋಡಿ, ಮೈಯಲ್ಲಿ ನೀರೇ ಇಲ್ಲ, ಸಲಾಯಿನ್ ಹಚ್ಚಿರಿ ಎಂದು ಹೇಳಿ ಆಚೆ ದಡಕ್ಕೆ ಹೋದರು.

ದಾಕ್ಷಾಯಣಿ ಅವನ ಮಂಚ ಬಿಟ್ಟು ಕದಲಲಿಲ್ಲ. ಅವಳ ಗಂಟುಗಳು ದಿನದಿಂದ ದಿನಕ್ಕೆ ಸುಧಾರಿಸಿದವು, ಆದರೂ ಪಕ್ಕದ ಮಂಚದವರು ನಗುವಷ್ಟು ದಪ್ಪವಾಗಿರುತ್ತಿದ್ದವು. ಅಂಗೈ ತೂಕ ಮಾತ್ರ ಅವಳಿಗೆ ಹತ್ತಲೇ ಇಲ್ಲ. ನಾನು ಎತ್ತಿ ನೋಡಿ ಹೇಳಿದ ಮೇಲೆ ಅವಳು ಎತ್ತಿ ನೋಡುವಳು, ಮುಖ ಸಣ್ಣ ಮಾಡುವಳು. ಅದಕ್ಕೆ ಬದಲು ಅವಳು ಇನ್ನೊಂದು ಕೆಲಸ ಮಾಡುತ್ತಿದ್ದಳು. ಮಂಚದ ಕೆಳಗೆ ಒಂದು ಗಾಜಿನ ಜಾಡಿ ಇಟ್ಟು, ದಾವಲಸಾಬನ ಮೂತ್ರವನ್ನು ಅದರಲ್ಲಿ ಅಳೆಯುವಳು. ಕಾಲೇಜಿನಲ್ಲಿ ಹಾಗೆ ಕಲಿಸಿದ್ದಾರಂತೆ. ನಮ್ಮಲ್ಲಿ ಅದನ್ನು ಯಾರೂ ಅಳೆಯುತ್ತಿರಲಿಲ್ಲ. ಅಂಗೈ ಹೇಳುವಾಗ ಜಾಡಿಯನ್ನು ಯಾಕೆ ಕೇಳಬೇಕು? ಮೌಲಾಲಿ ಅವಳಿಗೆ ಉಚ್ಚಿಬಾಯಿ ಎಂದು ಹೆಸರಿಟ್ಟ. ಅವಳು ಕೇಳಿಸಿಕೊಂಡೂ ಜಾಡಿ ತೊಳೆಯುವುದನ್ನು ಬಿಡಲಿಲ್ಲ.

ಒಂದು ಮುಂಜಾನೆ ನಾನು ದಾವಲಸಾಬನ ಬೆನ್ನಿನ ಕೆಳಗೆ ಕೈ ಹಾಕಿದರೆ, ಕೈ ಹಾಸಿಗೆಗೆ ಒತ್ತಿಕೊಂಡಿತು. ಭಾರ. ನಿನ್ನೆಯವರೆಗೆ ಪಟ್ಟಿಗಳನ್ನು ಜಗ್ಗುತ್ತಿದ್ದ ಮೈ ಇಂದು ತಾನಾಗಿ ಹಾಸಿಗೆಯಲ್ಲಿ ಕೂತಿತ್ತು. ಇನ್ನೊಮ್ಮೆ ಎತ್ತಿ ನೋಡಿದೆ. ನನ್ನ ಕಣ್ಣಲ್ಲಿ ನೀರು ಬಂತು. ದೇವರು ಕೇಳಿಸಿಕೊಂಡಿದ್ದಾನೆ ಎಂದುಕೊಂಡೆ. ಸಲಾಯಿನ್ ಇವನಿಗೆ ಹಿಡಿಸಿದೆ, ಹಾಗೇ ಇರಲಿ ಎಂದು ಹೇಳಿ, ಮನೆಯವರಿಗೆ ಸುದ್ದಿ ಮುಟ್ಟಿಸಿದೆ.

ಅವರು ಬರುವ ಹೊತ್ತಿಗೆ ಬಿಸಿಲು ವಾರ್ಡಿನ ನಡುವಿನವರೆಗೆ ಬಂದಿತ್ತು. ಖಾಜಾಬಿ ಹೊಸ ಸೀರೆ ಉಟ್ಟಿದ್ದಳು. ಮೌಲಾಲಿಯ ಕೈಯಲ್ಲಿ ಹಂಚಲು ತಂದ ಸಿಹಿ ಮಲೀದೆಯ ಡಬ್ಬಿ. ಉಳಿದ ರೋಗಿಗಳ ಕಡೆಯವರೂ ಮಂಚದ ಸುತ್ತ ಸೇರಿದರು, ಕಲ್ಲು ಬಿಚ್ಚುವುದನ್ನು ನೋಡುವುದು ಒಳ್ಳೆಯದು ಎಂದು ನಮ್ಮವರ ನಂಬಿಕೆ. ದಾವಲಸಾಬ ದಿಂಬುಗಳಿಗೆ ಒರಗಿ ಕೂತಿದ್ದ. ಮುಖ ತುಂಬಿಕೊಂಡಿತ್ತು. ಗಲ್ಲ ಬಂದಿದೆ ನೋಡಿ ಎಂದು ಯಾರೋ ಅಂದರು. ಖಾಜಾಬಿ ಸೊಂಟದ ಚೀಲದ ಗಂಟಿಗೆ ಕೈ ಹಾಕಿದಳು. ಗಂಟು ದಪ್ಪವಾಗಿತ್ತು. ಅವಳು ಅದನ್ನು ಉಗುರಿನಿಂದ ಕೆದರುತ್ತಿರುವಾಗ ದಾಕ್ಷಾಯಣಿ ಬಂದು ಅವಳ ಕೈಯ ಮೇಲೆ ಕೈಯಿಟ್ಟಳು.

“ಬಿಚ್ಚಬ್ಯಾಡ್ರಿ ಅಕ್ಕಾ.”

ಅವಳು ನನ್ನ ಕಡೆ ತಿರುಗಿ, ನಿನ್ನೆ ಮಧ್ಯಾಹ್ನದಿಂದ ಜಾಡಿಯ ತಳ ಮುಚ್ಚುವಷ್ಟೂ ಮೂತ್ರ ಹೋಗಿಲ್ಲ, ಮಲಗಿಸಿದರೆ ಉಸಿರು ಸಿಗುವುದಿಲ್ಲ, ಅದಕ್ಕೇ ಅವರು ಕೂತಿದ್ದಾರೆ, ಒಳಗೆ ಹೋದ ನೀರು ಒಳಗೇ ನಿಂತಿದೆ ಎಂದಳು. ಇದು ಗುಣವಾದ ಭಾರವಲ್ಲ, ನೀರಿನ ಭಾರ ಎಂದಳು. ಅವಳು ನೆಲ ನೋಡುತ್ತಿರಲಿಲ್ಲ.

ಮೌಲಾಲಿ ಡಬ್ಬಿಯನ್ನು ಮಂಚದ ಮೇಲೆ ಕುಕ್ಕಿದ.

“ಗಂಟು ಹಾಕಾಕಂತೂ ಬರೂದಿಲ್ಲ. ಬಿಚ್ಚಾಕೂ ಬರೂದಿಲ್ಲೇನ್ ಈಕಿಗೆ?”

ಕೆಲವರು ನಕ್ಕರು. ನಾನು ಅವಳನ್ನು ಪಕ್ಕಕ್ಕೆ ಕರೆದೆ. ಹೆದರಿದ್ದಾಳೆ ಎಂದೇ ತಿಳಿದಿದ್ದೆ. ಹುಚ್ಚಿ, ಆ ಕಲ್ಲು ಬಿಚ್ಚಿದರೆ ನಿನ್ನ ಕೆಲಸ ಖಾಯಂ, ಗೊತ್ತಿದೆಯೋ ಇಲ್ಲವೋ ಎಂದೆ. ಗೊತ್ತಿದೆ ಎಂದಳು. ನನ್ನ ಕೈ ಇಷ್ಟು ವರ್ಷದಲ್ಲಿ ಸುಳ್ಳು ಹೇಳಿಲ್ಲ ಎಂದೆ. ಕೈ ಸುಳ್ಳು ಹೇಳುತ್ತಿಲ್ಲ, ಭಾರ ಇರುವುದು ನಿಜವೇ ಎಂದಳು. ಆಮೇಲೆ ಮಂಚದ ಹತ್ತಿರ ಹೋಗಿ ಅವನ ಕಣಕಾಲಿನ ಪಟ್ಟಿಯನ್ನು ಸ್ವಲ್ಪ ಸರಿಸಿ ತೋರಿಸಿದಳು. ಪಟ್ಟಿಯಿದ್ದ ಕಡೆ ಚರ್ಮ ಬೆರಳು ಹೂತುಹೋಗುವಷ್ಟು ಒಳಗೆ ಹೋಗಿತ್ತು. ಖಾಜಾಬಿ ಎದೆ ಹಿಡಿದುಕೊಂಡಳು. ಇಷ್ಟು ಬಿಗಿ ಕಟ್ಟುತ್ತಾರೆಯೇ, ದನಕ್ಕೂ ಹೀಗೆ ಕಟ್ಟುವುದಿಲ್ಲ ಎಂದು ಮೌಲಾಲಿ ಕೂಗಾಡಿದ. ನನಗೂ ಹಾಗೆಯೇ ಅನ್ನಿಸಿತು. ಬಿಗಿಯಾದ ಗಂಟಿನ ಗುರುತನ್ನು ನಮ್ಮ ಊರಿನಲ್ಲಿ ಯಾರು ಕಂಡಿಲ್ಲ?

“ಬಾಯಾರ,” ಎಂದಳು ದಾಕ್ಷಾಯಣಿ. ಅಲ್ಲಿಯವರೆಗೆ ಅವಳು ನನ್ನನ್ನು ಊರಿನವರ ಹಾಗೆ ಕರೆದಿರಲಿಲ್ಲ. “ಪಟ್ಟಿ ಇಲ್ಲದ ಕಡೆ ಒತ್ತಿ ನೋಡ್ರಿ. ಮೊಣಕಾಲ ಕೆಳಗ, ಎಲುಬಿನ ಮ್ಯಾಲೆ.”

ಅಲ್ಲಿ ಯಾರೂ ಯಾವ ಕಲ್ಲನ್ನೂ ಕಟ್ಟಿರಲಿಲ್ಲ. ನಾನು ಹೆಬ್ಬೆರಳು ಊರಿ ಒತ್ತಿದೆ. ತೆಗೆದೆ. ಹೆಬ್ಬೆರಳಿನ ಗುಳಿ ಹಾಗೆಯೇ ನಿಂತಿತು, ಹದವಾದ ಹಿಟ್ಟಿನ ಮುದ್ದೆಯಲ್ಲಿ ನಿಲ್ಲುವ ಹಾಗೆ. ನಾನು ಅದು ತುಂಬಲಿ ಎಂದು ನೋಡುತ್ತಾ ನಿಂತೆ. ನನ್ನ ಹಿಂದೆ ನಿಂತವರೂ ನೋಡುತ್ತಿದ್ದರು. ಅದು ತುಂಬಲಿಲ್ಲ. ಆಗ ಮೊದಲ ಸಲ ದಾವಲಸಾಬನ ಮುಖದಿಂದ ಕಣ್ಣು ತೆಗೆದು ಅವನ ಉಸಿರನ್ನು ಕೇಳಿದೆ. ಎದೆಯೊಳಗೆ ಕುದಿಯುವ ಎಸರಿನ ಸದ್ದು. ಕುತ್ತಿಗೆಯ ನರಗಳು ಉಬ್ಬಿದ್ದವು. ತುಟಿ ನೀಲಿ ತಿರುಗುತ್ತಿತ್ತು. ಗಲ್ಲ ಬಂದಿದೆ ಎಂದು ನಾವೆಲ್ಲ ಸಂತೋಷಪಟ್ಟಿದ್ದ ಮುಖವದು. ನಾನು ಸಲಾಯಿನ್ನಿನ ಹರಿವನ್ನು ನಿಲ್ಲಿಸಿ, ಫೋನಿನ ಕಡೆ ಓಡಿದೆ. ಈ ವಯಸ್ಸಿನಲ್ಲಿ ಓಡಬಾರದಿತ್ತು.

ಡಾಕ್ಟರು ಎಲ್ಲ ಕೇಳಿ, ಕಾಲಿನ ಗುಳಿಯ ವಿಷಯ ಬಂದಾಗ ನನ್ನ ಮಾತನ್ನು ತಡೆದರು. ಸಲಾಯಿನ್ ನಿಲ್ಲಿಸಿರಿ, ನೀರು ಇಳಿಸುವ ಇಂಜೆಕ್ಷನ್ ಕೊಡಿರಿ, ಆಮ್ಲಜನಕ ಹಚ್ಚಿರಿ, ನಾನು ಮುಂದಿನ ದೋಣಿಗೆ ಬರುತ್ತೇನೆ ಎಂದರು. ಫೋನು ಇಡುವ ಮೊದಲು ಒಂದು ಮಾತು ಸೇರಿಸಿದರು.

“ನೀರು ಇಳದಂಗ ಅವ ಮ್ಯಾಲೇಳ್ತಾನ, ಸುಗಂಧಾಬಾಯಿ. ಒಳಗಿನ ಬ್ಯಾನಿ ಇನ್ನೂ ಹಂಗ ಐತಿ. ಕೈ ಬಿಟ್ರ ಹೋದ.”

ಈ ಮಾತನ್ನು ವಾರ್ಡಿಗೆ ಹೊತ್ತುಕೊಂಡು ಬರುವಷ್ಟರಲ್ಲಿ ನನಗೆ ಎಲ್ಲವೂ ಸ್ಪಷ್ಟವಾಗಿತ್ತು. ಇಂಜೆಕ್ಷನ್ ಕೊಡದಿದ್ದರೆ ದಾವಲಸಾಬ ಭಾರವಾಗಿಯೇ, ಎಲ್ಲರ ಕಣ್ಣಿಗೂ ಗುಣವಾದವನ ಹಾಗೆ, ತನ್ನದೇ ನೀರಿನಲ್ಲಿ ಮುಳುಗುತ್ತಾನೆ. ಕೊಟ್ಟರೆ ಮನೆಯವರ ಕಣ್ಣೆದುರಿಗೇ ಹಗುರಾಗುತ್ತಾನೆ. ಕೊಟ್ಟವರ ಕೈಯಿಂದ ಹಗುರಾದ ಎಂದೇ ಊರು ಹೇಳುತ್ತದೆ. ನಾನು ಔಷಧಿಯನ್ನು ಸಿರಿಂಜಿಗೆ ಎಳೆದುಕೊಂಡು, ಇದನ್ನು ನಾನೇ ಹಾಕುತ್ತೇನೆ, ನೀನು ಆ ಕಡೆ ಇರು ಎಂದು ದಾಕ್ಷಾಯಣಿಗೆ ಹೇಳಿದೆ. ನನ್ನನ್ನು ಯಾರೂ ಎಲ್ಲಿಗೂ ಕಳಿಸುವುದಿಲ್ಲ. ಅವಳಿಗೆ ನಾನು ಯಾಕೆ ಹಾಗೆ ಹೇಳಿದೆನೆಂದು ತಿಳಿಯಿತು. ಆದರೂ ಕೈ ಚಾಚಿದಳು.

“ನನ್ನ ಪೇಷಂಟ್ ರೀ,” ಎಂದಳು.

ಕೊಟ್ಟೆ. ಅವಳು ಔಷಧಿಯ ಹೆಸರನ್ನು ಗಟ್ಟಿಯಾಗಿ ಓದಿ, ಎಷ್ಟು ಎಂದು ನನ್ನ ಬಾಯಿಂದ ಇನ್ನೊಮ್ಮೆ ಹೇಳಿಸಿಕೊಂಡು, ಸಲಾಯಿನ್ನಿಗೆ ಹಾಕಿದ್ದ ಸೂಜಿಯಲ್ಲೇ ಸಾವಕಾಶವಾಗಿ ಏರಿಸಿದಳು. ಆಮೇಲೆ ಖಾಜಾಬಿಯ ಎದುರಿಗೆ ನಿಂತು, ಇನ್ನು ಸ್ವಲ್ಪ ಹೊತ್ತಿಗೆ ಇವರು ಹಗುರಾಗುತ್ತಾರೆ, ನೋಡಲು ಕೆಟ್ಟದಾಗಿರುತ್ತದೆ, ಆದರೆ ಉಸಿರು ತಿಳಿಯಾಗುತ್ತದೆ, ನೀವು ಮೈ ನೋಡಬೇಡಿ, ಉಸಿರು ಕೇಳಿರಿ ಎಂದು ಹೇಳಿದಳು. ಖಾಜಾಬಿ ಗಂಡನ ತಲೆಯ ಹತ್ತಿರ ಸರಿದಳು. ಈಕಿ ಏನಾರ ಮಾಡಿದ್ರ ಸುಮ್ನಿರಾಂವಲ್ಲ ಎಂದು ಮೌಲಾಲಿ ನನಗೆ ಕೇಳುವಂತೆ ಹೇಳಿದ. ಸುತ್ತ ನಿಂತವರು ಮೆಲ್ಲಗೆ ತಮ್ಮ ತಮ್ಮ ಮಂಚಗಳಿಗೆ ಸರಿದರು. ಮಲೀದೆಯ ಡಬ್ಬಿಯನ್ನು ಯಾರೂ ತೆರೆಯಲಿಲ್ಲ.

ಮೊದಲು ಜಾಡಿ ತುಂಬತೊಡಗಿತು. ದಾಕ್ಷಾಯಣಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಚೆಲ್ಲಿ ಬಂದು, ಮತ್ತೆ ಇಟ್ಟಳು. ಇನ್ನೊಮ್ಮೆ ತುಂಬಿತು. ಆಮೇಲೆ ದಿಂಬು ಅವನ ಬೆನ್ನನ್ನು ಬಿಟ್ಟಿತು. ಆಮೇಲೆ ತೊಡೆಗಳು ಹಾಸಿಗೆಯನ್ನು ಬಿಟ್ಟವು. ಸೊಂಟದ ಪಟ್ಟಿ ಬಿಗಿಯಾಗಿ ನಿಂತಿತು, ಕಲ್ಲಿನ ಚೀಲಗಳು ಒಂದೊಂದಾಗಿ ಹಾಸಿಗೆಯಿಂದ ಎದ್ದು ತೂಗಾಡಿದವು. ಖಾಜಾಬಿಯ ಬಾಯಿಂದ ಒಂದು ಸಣ್ಣ ಸದ್ದು ಹೊರಟಿತು.

ನಾವು ಯಾರೂ ನೆನಸದಿದ್ದ ಒಂದು ಸಂಗತಿ ಆಗ ನಡೆಯಿತು. ಇಂಜೆಕ್ಷನ್ ಕೊಡುವ ಮೊದಲು ಪಟ್ಟಿಗಳನ್ನು ಊದಿದ ಕೈಕಾಲುಗಳಿಗೆ ಸರಿಹೊಂದಿಸಿ ಸಡಿಲ ಮಾಡಿದ್ದೆವು. ಈಗ ಊತ ಇಳಿದಂತೆ ಕೈಕಾಲು ಸಣ್ಣವಾದವು, ಪಟ್ಟಿಗಳು ದೊಡ್ಡವಾಗಿ ಉಳಿದವು. ಗಂಟು ಗಟ್ಟಿಯಾಗಿಯೇ ಇತ್ತು. ಅದರೊಳಗಿಂದ ಕಾಲು ಜಾರಿತು. ಎಡಗಾಲಿನ ಪಟ್ಟಿ ಹಿಮ್ಮಡಿ ದಾಟಿ ಕಲ್ಲಿನ ಸಮೇತ ನೆಲಕ್ಕೆ ಬಿತ್ತು. ಬಿದ್ದ ಸದ್ದಿಗೆ ನಾನು ತಿರುಗುವಷ್ಟರಲ್ಲಿ ದಾವಲಸಾಬನ ಕಾಲುಗಳು ಮೇಲಕ್ಕೆ ಹೋಗಿ, ಅವನು ತಲೆಕೆಳಗಾಗಿ, ಸಲಾಯಿನ್ ಸ್ಟ್ಯಾಂಡನ್ನು ಕೆಡವಿ, ಬಲಗೈಯ ಪಟ್ಟಿಯಿಂದಲೂ ಜಾರುತ್ತಿದ್ದ. ನಾವು ಹಚ್ಚಿದ್ದ ಆಮ್ಲಜನಕದ ನಳಿಕೆ ಮೂಗಿನಿಂದ ಕಿತ್ತುಬಂದಿತ್ತು.

ನಾನು ಮಣಿಕಟ್ಟನ್ನು ಹಿಡಿದೆ. ನನ್ನ ಕೈಯಲ್ಲಿ ಮೊದಲಿನ ಬಲವಿರಲಿಲ್ಲ, ಬೆರಳುಗಳ ನಡುವಿನಿಂದ ಅದು ಸೋಪಿನ ಹಾಗೆ ನುಣುಚುತ್ತಿತ್ತು. ಕರ್ತನೇ, ಈ ಒಂದು ಸಲ ಬಿಡಿಸಬೇಡ ಎಂದು ನಾನು ಬಾಯಿಬಿಟ್ಟೇ ಹೇಳಿದೆ. ದಾಕ್ಷಾಯಣಿ ಮಂಚದ ಮೇಲೆ ಹತ್ತಿ, ಹಾರಿ, ಅವನ ಸೊಂಟವನ್ನು ಎಡಗೈಯಿಂದ ಬಳಸಿಕೊಂಡಳು. ಒಂದು ಕ್ಷಣ ಅವಳ ಚಪ್ಪಲಿಯಿಲ್ಲದ ಕಾಲುಗಳೂ ಹಾಸಿಗೆಯನ್ನು ಬಿಟ್ಟದ್ದನ್ನು ನಾನು ಕಂಡೆ. ಅವಳು ಬೆರಳ ತುದಿಯಿಂದ ಮಂಚದ ಸರಳನ್ನು ಹಿಡಿದು ಇಬ್ಬರನ್ನೂ ಇಳಿಸಿದಳು. ಬಲಗೈಯಿಂದ ತನ್ನ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಹೊಸ ಪಟ್ಟಿಯನ್ನು ಎಳೆದು, ಅವನ ಎದೆಯ ಸುತ್ತ ತಂದು, ಸರಳಿಗೆ ಸುತ್ತಿ, ಹಲ್ಲಿನಿಂದ ಒಂದು ತುದಿ ಕಚ್ಚಿ ಗಂಟು ಹಾಕಿದಳು. ಆಮೇಲೆ ನಾನು ಹಿಡಿದಿದ್ದ ಕೈ. ಆಮೇಲೆ ಕಾಲುಗಳು.

ಮೌಲಾಲಿ ಕೂಗುತ್ತಿದ್ದ. ಮುಂಜಾನೆ ಮೈ ತುಂಬಿಕೊಂಡು ಕೂತಿದ್ದ ಮನುಷ್ಯನನ್ನು ಗಾಳಿ ಮಾಡಿಬಿಟ್ಟಳು, ಇವಳನ್ನು ಈಗಲೇ ಹೊರಗೆ ಹಾಕಿರಿ ಎನ್ನುತ್ತಿದ್ದ. ಕ್ರಮದ ಪ್ರಕಾರ ಕೇಳಿರಿ ಬಾಯಾರ, ಎಲ್ಲರ ಎದುರಿಗೆ ಕೇಳಿರಿ, ಅಕ್ಕ ಹೇಳಲಿ ಎಂದ. ದಾವಲಸಾಬ ಹಾಸಿಗೆಯಿಂದ ಒಂದು ಗೇಣು ಮೇಲೆ, ಪಟ್ಟಿಗಳ ನಡುವೆ, ಕಣ್ಣು ಮುಚ್ಚಿ ತೇಲುತ್ತಿದ್ದ. ಬಂದ ದಿನಕ್ಕಿಂತಲೂ ಹಗುರಾಗಿದ್ದ. ಇಲ್ಲವೆಂದು ನಾನು ಹೇಗೆ ಹೇಳಲಿ? ಕೈ ಹಾಕಿ ನೋಡುವ ಅಗತ್ಯವೂ ಇರಲಿಲ್ಲ.

ಖಾಜಾಬಿ ಮಾತ್ರ ಮೈ ನೋಡುತ್ತಿರಲಿಲ್ಲ. ಗಂಡನ ಬಾಯಿಯ ಹತ್ತಿರ ಕಿವಿ ಇಟ್ಟು ಬಗ್ಗಿ ನಿಂತಿದ್ದಳು. ಕೂಗಬೇಡ ಎಂದು ತಮ್ಮನಿಗೆ ಕೈಸನ್ನೆ ಮಾಡಿದಳು. ವಾರ್ಡಿನಲ್ಲಿ ಆ ಉಸಿರು ಎಲ್ಲರಿಗೂ ಕೇಳುವಷ್ಟು ಮೌನವಾಯಿತು. ಎಸರು ಕುದಿಯುವ ಸದ್ದು ಇನ್ನೂ ಇತ್ತು, ಆದರೆ ಒಲೆಯ ಉರಿ ಕಡಿಮೆ ಮಾಡಿದಾಗಿನ ಹಾಗೆ ತಗ್ಗಿತ್ತು. ಕೇಳುತ್ತ ನಿಂತಂತೆ ಇನ್ನೂ ತಗ್ಗಿತು. ತುಟಿಯ ಬಣ್ಣ ಮರಳಿತ್ತು. ಸ್ವಲ್ಪ ಹೊತ್ತಿಗೆ ದಾವಲಸಾಬ ಕಣ್ಣು ತೆರೆದು, ತನ್ನ ಕೆಳಗಿನ ಖಾಲಿ ಹಾಸಿಗೆಯನ್ನು ಓರೆಗಣ್ಣಿನಿಂದ ನೋಡಿದ.

“ನಾ ಹಿಂಜಿದ ಹತ್ತಿ ಆಗೇನಲ್ಲಾ,” ಎಂದ. ನಿನ್ನೆಯಿಂದ ಅವನು ಆಡಿದ ಮೊದಲ ಮಾತು. ಎರಡು ಶಬ್ದಗಳ ನಡುವೆ ಅವನಿಗೆ ಉಸಿರು ಹುಡುಕಬೇಕಾಗಲಿಲ್ಲ.

ಖಾಜಾಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಕ್ರಮದ ಪ್ರಕಾರ ಕೇಳಲೇಬೇಕಿತ್ತು, ಕೇಳಿದೆ. ರೋಗಿ ಈಕೆಯ ಕೈಯಲ್ಲಿ ಹಗುರಾಗಿದ್ದಾರೆ, ಈಕೆಯನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಮನೆಯವರು ಹೇಳಬೇಕು ಎಂದೆ. ಗೋಡೆಗೆ ಒರಗಿದ್ದ ಮೌಲಾಲಿ ಅಕ್ಕನ ಮುಖವನ್ನೇ ನೋಡುತ್ತಿದ್ದ. ದಾಕ್ಷಾಯಣಿ ಮಂಚದ ಆ ಬದಿಗೆ ನಿಂತು, ಹಲ್ಲಿನಿಂದ ಕಚ್ಚಿದ ಪಟ್ಟಿಯ ನೂಲನ್ನು ತುಟಿಯಿಂದ ತೆಗೆದು ಹಾಕುತ್ತಿದ್ದಳು.

ಖಾಜಾಬಿ ನನ್ನ ಕಡೆ ತಿರುಗಲಿಲ್ಲ. ಗಂಡನ ಮೈಯನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನಿಧಾನವಾಗಿ ನೋಡಿದಳು.

“ಆ ಕಡಿ ಕಾಲಿನ ಪಟ್ಟಿ ಮತ್ತ ಸಡ್ಲ ಆಗೇತಿ,” ಎಂದಳು. “ನೋಡವ್ವಾ, ನೀನ ಕಟ್ಟು.”

ದಾಕ್ಷಾಯಣಿ ನೋಡಿದಳು. ಹೌದು, ಸಡಿಲವಾಗಿತ್ತು. ಅವಳು ಹೋಗಿ ಅದನ್ನು ಬಿಗಿ ಮಾಡಿದಳು.